ನಂಜಿನಿಂದ ಉಳಿದವರಿಗೆ ಮನೆಯ ಆರೈಕೆ
(ಗ್ರಾಮ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣ)



ಕಾಯಿಲೆಯವರು ಆಸ್ಪತ್ರೆಯಿಂದ ಮನೆಗೆ ಬಂದರೆ ಗಂಡಾಂತರ ಕಳೆಯಿತೆಂದು ನಾವು ನಿಶ್ಚಿಂತರಾಗುತ್ತೇವೆ. ಆದರೆ ಮೈಗೆಲ್ಲ ನಂಜೇರಿ ಬದುಕಿ ಬಂದವರ ವಿಷಯದಲ್ಲಿ ಅಷ್ಟು ಬೇಗ ನಿಶ್ಚಿಂತರಾಗಬಾರದು.

ಈ ಕಾಯಿಲೆಯನ್ನು ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ಶ್ವಾಸಕೋಶದಲ್ಲೋ, ಮೂತ್ರದಲ್ಲೋ, ಕಾಲಿನ ಹುಣ್ಣಿನಲ್ಲೋ ಸೋಂಕು ಹತ್ತುತ್ತದೆ. ಅದರೊಡನೆ ಹೋರಾಡುವ ದೇಹವೇ ಹತೋಟಿ ತಪ್ಪಿ ತನ್ನ ಹೃದಯ, ಮೂತ್ರಪಿಂಡ, ಶ್ವಾಸಕೋಶಗಳಿಗೆ ಕೇಡು ಮಾಡಿಕೊಳ್ಳುತ್ತದೆ. ಸೋಂಕು ಅಡಗಿದ ಮೇಲೂ ಮೊದಲಿನ ಬಲ ಬರಲು ಎಷ್ಟೋ ಜನರಿಗೆ ತಿಂಗಳುಗಳೇ ಬೇಕು.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಇದರ ಲೆಕ್ಕ ತೆಗೆದು 2015ರಲ್ಲಿ ಪ್ರಕಟಿಸಿದರು. ತೀವ್ರ ಸೆಪ್ಸಿಸ್‌ನಿಂದ ಉಳಿದು ಬಿಡುಗಡೆಯಾದ ವಯಸ್ಸಾದವರಲ್ಲಿ ನೂರಕ್ಕೆ ಸುಮಾರು 43 ಮಂದಿ 90 ದಿನಗಳೊಳಗೆ ಮತ್ತೆ ಆಸ್ಪತ್ರೆ ಸೇರಿದ್ದರು. ಮತ್ತೆ ನಂಜು, ಹೃದಯದ ನಿಶ್ಶಕ್ತಿ, ನ್ಯುಮೋನಿಯಾ, ಮೂತ್ರಪಿಂಡದ ತೊಂದರೆ ಇವು ಮುಖ್ಯ ಕಾರಣಗಳು. ಹೀಗೆ ಮರಳಿದ ನೂರು ಸಲದಲ್ಲಿ ಸುಮಾರು 42 ಸಲ, ಮೊದಲೇ ಗಮನಿಸಿ ಚಿಕಿತ್ಸೆ ಕೊಟ್ಟಿದ್ದರೆ ಪ್ರಾಯಶಃ ತಪ್ಪಿಸಬಹುದಾದ ಕಾಯಿಲೆಗಳೇ ಇದ್ದವು.

ಇದು ಅಲ್ಲಿನ ಲೆಕ್ಕ. ಆದರೆ ದೇಹದ ಧರ್ಮ ಎಲ್ಲೆಡೆಯೂ ಒಂದೇ. ಹಾಗಾದರೆ ನಾವು ಮಾಡಬೇಕಾದುದೇನು?

ಮೊದಲನೆಯದು, ಔಷಧಿಯ ವಿಚಾರ. ರಕ್ತದ ಒತ್ತಡ ಕುಸಿದಾಗ ಆಸ್ಪತ್ರೆಯಲ್ಲಿ ಬಿ.ಪಿ. ಮಾತ್ರೆ, ಹೃದಯದ ಮಾತ್ರೆಗಳನ್ನು ನಿಲ್ಲಿಸಿರುವುದುಂಟು. ಅವನ್ನು ಮತ್ತೆ ಯಾವಾಗ ಪ್ರಾರಂಭಿಸಬೇಕೆಂದು ಬಿಡುಗಡೆಯ ದಿನವೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮೈಕೈ ನೋವಿಗೆಂದು ಅಂಗಡಿಯ ಗುಳಿಗೆ ನುಂಗಿಸಬೇಡಿ, ಮೂತ್ರಪಿಂಡಕ್ಕೆ ಅಪಾಯ.

ಎರಡನೆಯದು, ಮನೆಯ ಆರೈಕೆ. ಊಟವನ್ನು ನೆಟ್ಟಗೆ ಕೂರಿಸಿ ನಿಧಾನವಾಗಿ ಮಾಡಿಸಿ. ಅನ್ನ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರಬಹುದು. ದಿನವೂ ನಾಲ್ಕು ಹೆಜ್ಜೆ ನಡೆಸಿ. ಮರೆವು, ಮಂಕು ಕಂಡರೆ ಗದರಬೇಡಿ. ಅದೂ ಈ ಕಾಯಿಲೆ ಬಿಟ್ಟುಹೋದ ಗುರುತಾಗಿರಬಹುದು.

ಮೂರನೆಯದು, ಎಚ್ಚರಿಕೆ. ಕಾಲು ಊದಿದರೆ ಅಥವಾ ಗಾಯ ಕೆಂಪೇರಿದರೆ ಅದೇ ದಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಚಳಿಜ್ವರ, ಏದುಸಿರು, ಮೂತ್ರ ತೀರ ಕಡಿಮೆಯಾಗುವುದು, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಹಿಂದೆ ಸೆಪ್ಸಿಸ್ ಆಗಿತ್ತೆಂದು ತಪ್ಪದೆ ಹೇಳಿ.

ಮನೆಗೆ ಬಂದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಲ್ಲಿಂದ ಮೂರು ತಿಂಗಳು ಮನೆಯವರೆಲ್ಲರೂ ಕಣ್ಣಿಟ್ಟು ನೋಡಿಕೊಳ್ಳಬೇಕೆಂದು ನನ್ನ ಪ್ರಾರ್ಥನೆ.