ತುಂಬು ಸಂಸಾರಕ್ಕೊಂದು ವಾಹನ



ಖರೀಫ್ ಸಮೀಪಿಸಿತೆಂದರೆ ಮಸ್ಕತ್ತಿನ ನಮ್ಮ ಮನೆಗಳಲ್ಲಿ ಸಲಾಲಾ ಯಾತ್ರೆಯ ಮಾತು ಮೊದಲಾಗುತ್ತದೆ. ಊರಿನಿಂದ ಅಜ್ಜ ಅಜ್ಜಿ ಬಂದಿರುತ್ತಾರೆ, ತಮ್ಮನ ಸಂಸಾರವೂ ಜೊತೆಗೂಡುತ್ತದೆ. ಎಂಟು ಜನ, ಡೇರೆ, ಒಲೆ, ಚಿತ್ರಾನ್ನದ ಡಬ್ಬಗಳು. ದೊಡ್ಡದೊಂದು ವಾಹನ ಕೊಂಡು ಹಿಂದೊಂದು ಟ್ರೇಲರ್ ಕಟ್ಟಿದರಾಯಿತೆಂಬ ಆಲೋಚನೆ ಸಹಜವೇ.

ಮಾರಾಟದ ಹಾಳೆಯಲ್ಲಿ ಕೆಲವು ವಾಹನಗಳು 3,500 ಕಿಲೋ ಎಳೆಯಬಲ್ಲವೆಂದು ಅಚ್ಚಾಗಿರುತ್ತದೆ. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಆರು ಮಂದಿ ವಯಸ್ಕರನ್ನು ತಲಾ 70 ಕಿಲೋ, ಇಬ್ಬರು ಮಕ್ಕಳನ್ನು ತಲಾ 30 ಕಿಲೋ ಎಂದು ಹಿಡಿದರೆ 480 ಆಯಿತು. ಒಳಗಿನ ಸಾಮಾನು 100. ಟ್ರೇಲರಿನ ಮೂತಿಯ ಭಾರವನ್ನೂ ವಾಹನವೇ ಹೊರಬೇಕು. 1,500 ಕಿಲೋ ಟ್ರೇಲರಿಗೆ ಅದು ಸುಮಾರು 150. ಒಟ್ಟು 730 ಕಿಲೋ. ಮೂರು ಸಾಲು ಆಸನಗಳ ಅನೇಕ ವಾಹನಗಳು ಹೊರಲು ಅನುಮತಿಯಿರುವುದು 600-700 ಕಿಲೋ ಮಾತ್ರ. ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಈ ಹೊರೆಯ ಮಿತಿಯನ್ನು.

ಮೂತಿಯ ಭಾರವನ್ನು ಕಡಿಮೆ ಮಾಡಲು ಸಾಮಾನನ್ನು ಟ್ರೇಲರಿನ ಹಿಂಭಾಗಕ್ಕೆ ತಳ್ಳುವವರೂ ಇದ್ದಾರೆ. ಎತ್ತಿನ ಗಾಡಿಯಲ್ಲಿ ಹಿಂಭಾರ ಹೆಚ್ಚಾದರೆ ಮೂಕಿ ಮೇಲೆದ್ದು ನೊಗವೇ ಎತ್ತುಗಳ ಕೊರಳಿನಿಂದ ಏಳುವುದನ್ನು ನಮ್ಮ ಹಿರಿಯರು ಬಲ್ಲರು. ಟ್ರೇಲರಿನಲ್ಲಿ ಅದೇ ತಪ್ಪಾದರೆ ವೇಗದಲ್ಲಿ ಅದು ಬಾಲದಂತೆ ಬೀಸತೊಡಗಿ ಮುಂದಿನ ವಾಹನವನ್ನೂ ಹೊರಳಿಸೀತು.

ಸಲಾಲಾ ಸುಮಾರು 1,000 ಕಿಲೋಮೀಟರು. ಆದಮ್, ಹೈಮಾ ದಾಟಿ ತುಮ್ರೈತ್‌ವರೆಗೆ ಬಹುಪಾಲು ಸಮತಟ್ಟಾದ ಮರುಭೂಮಿ; ಅಲ್ಲಿ ಭಾರ ತಿಳಿಯುವುದೇ ಇಲ್ಲ. ಅನಂತರ ಬೆಟ್ಟವಿಳಿಯುವಾಗ ಮಂಜು, ತುಂತುರು, ಒದ್ದೆ ರಸ್ತೆ. ಬ್ರೇಕನ್ನೇ ಒತ್ತುತ್ತ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳ ಗೇರಿನಲ್ಲಿ ನಿಧಾನವಾಗಿ ಇಳಿಯಬೇಕು. ಭಾರದ ಟ್ರೇಲರಿಗೆ ತನ್ನದೇ ಬ್ರೇಕಿರಬೇಕು.

ವೈದ್ಯನಾಗಿ ಇನ್ನೊಂದು ಮಾತು. ಎಂಟು ಜನರೆಂದರೆ ಎಂಟು ಬೆಲ್ಟುಗಳು. ಡಿಕ್ಕಿಯ ಕ್ಷಣದಲ್ಲಿ ಮಡಿಲಿನ ಮಗುವನ್ನು ಯಾವ ತಾಯಿಯ ತೋಳೂ ಹಿಡಿದಿಡಲಾರದು. ಹಿಂದೆ ಸಡಿಲವಾಗಿಟ್ಟ ಪೆಟ್ಟಿಗೆ ಮುಂದೆ ಕುಳಿತವರ ಕತ್ತಿಗೆ ಬಂದು ಬಡಿಯುತ್ತದೆ. ಹಿರಿಯರನ್ನು ಮೂರನೆಯ ಸಾಲಿಗೆ ಕಳುಹಿಸಬೇಡಿ. ಮಂಡಿ ಮಡಚಿಕೊಂಡೇ ಹತ್ತು ಗಂಟೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವುಂಟು.

ಲ್ಯಾಂಡ್ ಕ್ರೂಸರೋ, ನಿಸಾನ್ ಪ್ಯಾಟ್ರೋಲೋ ಎಂಬ ಚರ್ಚೆ ನಮ್ಮ ಗಂಡಸರಿಗೆ ಬಲು ಪ್ರಿಯ. ನನ್ನ ಒಲವು ಸಬರ್ಬನ್ನಿನಂಥ ಉದ್ದನೆಯ ವಾಹನದ ಕಡೆಗೆ. ಮೂರನೆಯ ಸಾಲಿನ ಹಿಂದೆಯೂ ಅದರಲ್ಲಿ ಸಾಮಾನಿಗೆ ಸ್ಥಳವಿರುವುದರಿಂದ ಹಲವು ಸಂಸಾರಗಳಿಗೆ ಟ್ರೇಲರೇ ಬೇಕಾಗದು. ಟ್ರೇಲರ್ ಬೇಕೇಬೇಕೆಂದರೆ ನಾಲ್ವರು ಇನ್ನೊಂದು ಕಾರಿನಲ್ಲಿ ಬರಲಿ. ಹೈಮಾದಲ್ಲಿ ಎಲ್ಲರೂ ಇಳಿದು ನಡೆದಾಡಿ, ನೀರು ಕುಡಿಯಲಿ. ಅಷ್ಟರಲ್ಲಿ ಚಾಲಕರು ಟ್ರೇಲರಿನ ಕೊಂಡಿ, ಸರಪಳಿ, ಟೈರುಗಳನ್ನು ಒಮ್ಮೆ ನೋಡಿಕೊಳ್ಳಲಿ.