ಯಾರೊಬ್ಬರದೂ ಅಲ್ಲದ ನೆಲದ ಕಾವಲು: ಅರಕಲಗೂಡಿನ ಎ.ಟಿ. ರಾಮಸ್ವಾಮಿ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ರಾಜಕಾರಣಿಯ ಜೀವನವನ್ನು ಗೆದ್ದ ಚುನಾವಣೆ, ಹಾಕಿಸಿದ ರಸ್ತೆ, ಕಟ್ಟಿಸಿದ ಭವನಗಳಿಂದ ಅಳೆಯುವುದು ರೂಢಿ. ಅವರು ಏನನ್ನು ಉಳಿಸಲು ಶ್ರಮಿಸಿದರು ಎಂದು ಕೇಳುವವರು ವಿರಳ. ಅರಕಲಗೂಡಿನ ಎ.ಟಿ. ರಾಮಸ್ವಾಮಿ ಅವರ ಸಾರ್ವಜನಿಕ ಬದುಕನ್ನು ಈ ಎರಡನೆಯ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಉಚಿತ.

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕು ಹೇಮಾವತಿ ಹಾಗೂ ಕಾವೇರಿಗಳ ನಡುವಿನ ಸೀಮೆ. ಮಲೆನಾಡು ಇಳಿದು ಬಯಲು ತೊಡಗುವ ಅಂಚು. ನಾಲೆಯ ನೀರು ತಲುಪಿದಲ್ಲಿ ಭತ್ತ, ತಲುಪದಲ್ಲಿ ರಾಗಿ, ಆಲೂಗೆಡ್ಡೆ, ಹೊಗೆಸೊಪ್ಪು. ಈ ಕ್ಷೇತ್ರದಿಂದ ರಾಮಸ್ವಾಮಿಯವರು 1989 ಮತ್ತು 1994ರಲ್ಲಿ ಕಾಂಗ್ರೆಸ್ಸಿನಿಂದ, 2004 ಮತ್ತು 2018ರಲ್ಲಿ ಜಾತ್ಯತೀತ ಜನತಾದಳದಿಂದ ವಿಧಾನಸಭೆಗೆ ಆಯ್ಕೆಯಾದರು. ನಡುವಿನ 1999, 2008, 2013ರ ಚುನಾವಣೆಗಳಲ್ಲಿ ಕ್ಷೇತ್ರವು ಎ. ಮಂಜು ಅವರ ಪಾಲಾಯಿತು. 2023ರಲ್ಲಿ ರಾಮಸ್ವಾಮಿಯವರು ಶಾಸಕ ಸ್ಥಾನಕ್ಕೆ ರಾಜೀನಾಮೆ ನೀಡಿ ಭಾರತೀಯ ಜನತಾ ಪಕ್ಷವನ್ನು ಸೇರಿದರು. ಆ ವರ್ಷ ಜನತಾದಳದ ಅಭ್ಯರ್ಥಿಯಾಗಿ ಗೆದ್ದವರು ಅದೇ ಮಂಜು. ಪಕ್ಷಾಂತರದ ಈ ಕಥೆ ರಾಜ್ಯದ ಇತರ ಕ್ಷೇತ್ರಗಳ ಕಥೆಗಿಂತ ಬಹಳ ಭಿನ್ನವೇನಲ್ಲ.

ಭಿನ್ನವಾದುದು ಬೇರೊಂದು ಕಾರ್ಯ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿಯ ಒತ್ತುವರಿಯನ್ನು ಪರಿಶೀಲಿಸಲು ರಚಿತವಾದ ವಿಧಾನಮಂಡಲದ ಜಂಟಿ ಸದನ ಸಮಿತಿಗೆ ಅವರು ಅಧ್ಯಕ್ಷರಾಗಿದ್ದರು. 2007ರಲ್ಲಿ ಸಮಿತಿಯು ಸಲ್ಲಿಸಿದ ವರದಿಗಳು, ಒಂದೇ ಜಿಲ್ಲೆಯಲ್ಲಿ 27 ಸಾವಿರ ಎಕರೆಗೂ ಮಿಕ್ಕ ಸರ್ಕಾರಿ ಭೂಮಿ ಒತ್ತುವರಿಯಾಗಿರುವುದನ್ನು ಬೆಳಕಿಗೆ ತಂದವು. ಅನಂತರ ವಿ. ಬಾಲಸುಬ್ರಮಣಿಯನ್ ಅವರ ನೇತೃತ್ವದ ಕಾರ್ಯಪಡೆಯು 2011ರ ತನ್ನ ವರದಿಯಲ್ಲಿ, ಇಡೀ ರಾಜ್ಯದ ಒತ್ತುವರಿ 11 ಲಕ್ಷ ಎಕರೆಯನ್ನು ಮೀರಿದೆಯೆಂದು ತಿಳಿಸಿತು. ಭೂಕಬಳಿಕೆ ನಿಷೇಧ ಕಾಯಿದೆ ರೂಪುಗೊಂಡಿತು. 2016ರಲ್ಲಿ ಅದಕ್ಕಾಗಿ ವಿಶೇಷ ನ್ಯಾಯಾಲಯವೂ ಕಾರ್ಯಾರಂಭ ಮಾಡಿತು. ಶಾಸಕ ಸ್ಥಾನವಿಲ್ಲದ ಅವಧಿಯಲ್ಲಿಯೂ ರಾಮಸ್ವಾಮಿಯವರು ಈ ವಿಷಯವನ್ನು ಕೈಬಿಡಲಿಲ್ಲ. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ ಅವರು ಒತ್ತುವರಿ ತೆರವಿಗಾಗಿ 2014ರಲ್ಲಿ ಬೆಂಗಳೂರಿನಲ್ಲಿ ಧರಣಿ ಕುಳಿತಾಗ ಅವರ ಜೊತೆಗೂಡಿದರು.

ರಾಜಧಾನಿಯ ಸುತ್ತಲಿನ ನೆಲದ ಲೆಕ್ಕ ಗುಡ್ಡಸೀಮೆಯ ಹಳ್ಳಿಗೆ ಏಕೆ ಬೇಕು? ಕಳೆದುಹೋದ ನೆಲದ ಹೆಸರುಗಳನ್ನು ಗಮನಿಸಿದರೆ ಉತ್ತರ ದೊರೆಯುತ್ತದೆ: ಗೋಮಾಳ, ಕೆರೆಯಂಗಳ, ರಾಜಕಾಲುವೆ, ಗುಂಡುತೋಪು, ಖರಾಬು. ಪ್ರತಿ ಹಳ್ಳಿಯ ನಕ್ಷೆಯಲ್ಲಿಯೂ ಇರುವ ಹೆಸರುಗಳಿವು.

ಇವು ‘ಖಾಲಿ’ ಜಾಗಗಳಲ್ಲ, ಕೃಷಿಯ ಅಂಗಗಳು. ಗೋಮಾಳದ ಹುಲ್ಲು ಮಳೆಹನಿಯ ಹೊಡೆತವನ್ನು ತಡೆದು ನೀರನ್ನು ನೆಲಕ್ಕೆ ಇಂಗಿಸುತ್ತದೆ. ಹುಲ್ಲು ಅಳಿದರೆ ಮೇಲ್ಮಣ್ಣು ಕೊಚ್ಚಿಹೋಗಿ ಕೆರೆಯ ಹೂಳಾಗುತ್ತದೆ. ಕಾಲುವೆ ಮುಚ್ಚಿದರೆ ಮಳೆ ಬಂದರೂ ಕೆರೆ ತುಂಬದು. ಕೆರೆ ಬತ್ತಿದರೆ ಕೆಳಗಿನ ಬಾವಿಗಳೂ ಬತ್ತುತ್ತವೆ. ಮೇವಿಲ್ಲದೆ ದನಗಳನ್ನು ಮಾರಿದ ಮನೆಯ ತಿಪ್ಪೆ ಬರಿದಾಗುತ್ತದೆ, ರಾಗಿಯ ಹೊಲಕ್ಕೆ ಗೊಬ್ಬರವನ್ನು ಅಂಗಡಿಯಿಂದಲೇ ತರಬೇಕಾಗುತ್ತದೆ. ಭೂಕಂದಾಯ ನಿಯಮಗಳು ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳವನ್ನು ಗೊತ್ತುಪಡಿಸಿರುವುದು ಸುಮ್ಮನೆ ಅಲ್ಲ.

ಇಲ್ಲೊಂದು ಕಷ್ಟದ ಪ್ರಶ್ನೆಯಿದೆ. ತುಂಡುಭೂಮಿಯನ್ನು ಬಗರ್‌ಹುಕುಂ ಆಗಿ ಉತ್ತು, ನಮೂನೆ 50, 53, 57ರಲ್ಲಿ ಅರ್ಜಿ ಸಲ್ಲಿಸಿ ವರ್ಷಗಟ್ಟಲೆ ಕಾಯುವ ಬಡ ರೈತನೂ ಕಾಗದದ ಮೇಲೆ ಒತ್ತುವರಿದಾರನೇ. ಆತನನ್ನೂ, ನಕಲಿ ದಾಖಲೆ ಸೃಷ್ಟಿಸಿ ಕೆರೆಯಂಗಳದಲ್ಲಿ ಬಡಾವಣೆ ಮಾಡುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ಬಡವನ ಹೆಸರನ್ನು ಮುಂದಿಟ್ಟುಕೊಂಡು ನೂರಾರು ಎಕರೆ ನುಂಗುವವರ ಪರ ವಾದಿಸುವುದು ಇನ್ನೂ ದೊಡ್ಡ ಅನ್ಯಾಯ. ಹೊಟ್ಟೆಪಾಡಿನ ಸಾಗುವಳಿಗೆ ಪರಿಹಾರ ಬೇಕು. ಅದು ಕೆರೆ, ಕಾಲುವೆಗಳನ್ನು ಬಿಟ್ಟು ಉಳಿದ ನೆಲದಲ್ಲಿ ದೊರೆಯಬೇಕು.

ವರದಿಯೊಂದು ತಾನಾಗಿಯೇ ಒಂದು ಗುಂಟೆಯನ್ನೂ ಬಿಡಿಸಲಾರದು. ಗ್ರಾಮನಕ್ಷೆ, ಆಕಾರಬಂದ್, ಪಹಣಿಗಳನ್ನು ಒಟ್ಟಿಗಿಟ್ಟು ನೋಡಿದರೆ ಯಾವ ಸರ್ವೆ ನಂಬರಿನ ಗೋಮಾಳ ಎಂದು, ಯಾರ ಹೆಸರಿಗೆ ಹೋಯಿತೆಂದು ತಿಳಿಯುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆಯು ಈ ಕಾಗದಗಳನ್ನು ಕೇಳಿ ಪಡೆಯುವ ಅಧಿಕಾರವನ್ನು ಎಲ್ಲರಿಗೂ ನೀಡಿದೆ. ವಿದ್ಯಾರ್ಥಿಗಳು ಒಂದು ರಜೆಯ ಅವಧಿಯಲ್ಲಿ ತಮ್ಮ ಊರಿನ ಕೆರೆ, ಕಾಲುವೆ, ಗೋಮಾಳಗಳ ಪಟ್ಟಿ ಮಾಡಿ, ಹಿರಿಯರೊಂದಿಗೆ ಗಡಿ ನಡೆದು, ಗ್ರಾಮಸಭೆಯಲ್ಲಿ ಓದಬಹುದು. ಗಡಿಕಲ್ಲು ಎಲ್ಲಿತ್ತೆಂದು ಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.

ರಾಮಸ್ವಾಮಿಯವರ ರಾಜಕೀಯದ ಬಗ್ಗೆ ಅರಕಲಗೂಡಿನಲ್ಲಿಯೇ ಭಿನ್ನಾಭಿಪ್ರಾಯಗಳಿರಬಹುದು. ಪ್ರಜಾಪ್ರಭುತ್ವದಲ್ಲಿ ಅದು ಸಹಜ. ಯಾರೊಬ್ಬರ ಹೆಸರಿನಲ್ಲಿಯೂ ಇಲ್ಲದ ನೆಲಕ್ಕೂ ವಾರಸುದಾರರಿದ್ದಾರೆ ಎಂಬುದನ್ನು ಅವರ ಸಮಿತಿಯು ಸದನದ ದಾಖಲೆಗೆ ತಂದಿತು. ಮುಂದೆ ಮತ ಕೇಳಲು ಬರುವವರು ಯಾವ ಪಕ್ಷದವರೇ ಆಗಲಿ, ಊರಿನ ಕೆರೆಯ ಗಡಿ ಎಲ್ಲಿದೆಯೆಂದು ಅವರನ್ನು ಕೇಳಬೇಕು. ಅದಕ್ಕೆ ಮೊದಲು ಊರಿನವರಿಗೇ ಅದು ಗೊತ್ತಿರಬೇಕು.