ಹುಲ್ಲು ಕತ್ತರಿಸುವವರ ಲೆಕ್ಕ

ಈ ಸೆಕೆಯಲ್ಲೂ ಗೌನು ತೊಟ್ಟು ತಾಳ್ಮೆಯಿಂದ ಕುಳಿತಿರುವ ಪದವೀಧರರೇ,

ನೀವು ತೋಟಗಾರಿಕೆ, ವಾಸ್ತುಶಿಲ್ಪ, ನಗರ ಯೋಜನೆ ಓದಿದವರು. ನಿಮ್ಮ ಮುಂದೆ ದೊಡ್ಡ ಉದ್ಯಾನಗಳ ವೈಭವ ಹೇಳುವುದು ಸುಲಭ. ನಾನು ಮಾತ್ರ ಅಮೆರಿಕದ ಫಿಲಡೆಲ್ಫಿಯಾದ ಖಾಲಿ ಸೈಟುಗಳ ವಿಷಯ ಹಿಡಿದು ಬಂದಿದ್ದೇನೆ.

1950ರಲ್ಲಿ ಆ ಊರಲ್ಲಿ 20 ಲಕ್ಷಕ್ಕೂ ಹೆಚ್ಚು ಜನರಿದ್ದರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಅನುಕೂಲವಿದ್ದವರು ಹೊರವಲಯಕ್ಕೆ ಹೊರಟರು. 2000ದ ಹೊತ್ತಿಗೆ ಜನಸಂಖ್ಯೆ ಸುಮಾರು 15 ಲಕ್ಷಕ್ಕೆ ಇಳಿದಿತ್ತು. ಬಿಟ್ಟುಹೋದ ಮನೆಗಳು ಕುಸಿದವು, ಕೆಲವನ್ನು ನಗರಾಡಳಿತವೇ ಕೆಡವಿತು. ಉಳಿದದ್ದು ಹತ್ತಾರು ಸಾವಿರ ಪಾಳು ಸೈಟುಗಳು. ಎದೆಮಟ್ಟ ಕಳೆ, ಹಳೆ ಟೈರು, ರಾತ್ರಿ ಯಾರೋ ಲಾರಿಯಲ್ಲಿ ತಂದು ಸುರಿದ ಕಟ್ಟಡದ ಕಸ. ಆ ಕಳೆಯ ಮರೆಯಲ್ಲಿ ಬಂದೂಕು ಬಚ್ಚಿಡುವವರೂ ಇದ್ದರು. ಇವೆಲ್ಲ ಹೆಚ್ಚಾಗಿ ಇದ್ದದ್ದು ಬಡವರು ಉಳಿದುಕೊಂಡ ಬೀದಿಗಳಲ್ಲಿ.

ಅದೇ ಊರಲ್ಲಿ ಪೆನ್ಸಿಲ್ವೇನಿಯಾ ಹಾರ್ಟಿಕಲ್ಚರಲ್ ಸೊಸೈಟಿ ಎಂಬ ಲಾಭರಹಿತ ಸಂಸ್ಥೆ ಇದೆ. 1827ರಲ್ಲಿ ಹುಟ್ಟಿದ್ದು. ವರ್ಷಕ್ಕೊಮ್ಮೆ ನಡೆಸುವ ಹೂವಿನ ಪ್ರದರ್ಶನಕ್ಕೆ ಹೆಸರುವಾಸಿ. ಅಂಥ ಹೂವಿನ ಸಂಸ್ಥೆ 1990ರ ದಶಕದಲ್ಲಿ ನ್ಯೂ ಕೆನ್ಸಿಂಗ್‌ಟನ್ ಎಂಬ ಬಡ ಭಾಗದ ಸ್ಥಳೀಯರ ಜೊತೆ ಸೇರಿ ಈ ಸೈಟುಗಳಿಗೆ ಕೈ ಹಾಕಿತು. ಅವರು ಮಾಡಿದ ಕೆಲಸ ಕೇಳಿದರೆ ನಿಮ್ಮ ಡಿಸೈನ್ ಸ್ಟುಡಿಯೊದಲ್ಲಿ ಪಾಸ್ ಮಾರ್ಕೂ ಸಿಗಲಿಕ್ಕಿಲ್ಲ. ಕಸ ಎತ್ತಿದರು, ನೆಲ ಸಮ ಮಾಡಿದರು, ಮಣ್ಣು ಹರಡಿ ಹುಲ್ಲು ಬಿತ್ತಿದರು, ಒಂದೆರಡು ಮರ ನೆಟ್ಟರು, ಸುತ್ತ ಸೊಂಟದೆತ್ತರ ಮೀರದ ಮರದ ಬೇಲಿ ಹಾಕಿದರು. ಕಾರಂಜಿಯಿಲ್ಲ, ಪ್ರತಿಮೆಯಿಲ್ಲ, ಉದ್ಘಾಟಿಸಿದವರ ಹೆಸರಿನ ಕಲ್ಲೂ ಇಲ್ಲ.

ಆ ಬೇಲಿಯ ಬಗ್ಗೆ ಇನ್ನೆರಡು ಮಾತು ಹೇಳಬೇಕು. ಅದಕ್ಕೆ ಗೇಟಿಲ್ಲ, ಒಂದು ಕಡೆ ತೆರಪು ಬಿಟ್ಟಿರುತ್ತಾರೆ. ಲಾರಿ ಒಳಗೆ ನುಗ್ಗದಿರಲಿ, ಮನುಷ್ಯ ಮಾತ್ರ ಹೋಗಿ ಕೂರಲಿ ಅಂತ. ಈ ಜಾಗವನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು ಹೇಳುವುದಷ್ಟೇ ಬೇಲಿಯ ಕೆಲಸ. ನಮ್ಮ ಎಷ್ಟೋ ಉದ್ಯಾನಗಳಲ್ಲಿ ಆಳೆತ್ತರದ ಗ್ರಿಲ್, ಪಕ್ಕದಲ್ಲೇ ಏನೇನು ಮಾಡಬಾರದು ಎಂಬ ಉದ್ದನೆಯ ಬೋರ್ಡು. ಮಧ್ಯಾಹ್ನ ಬೀಗ. ಬೆಳಿಗ್ಗೆ ವಾಕಿಂಗ್ ಬರುವವರ ಅನುಕೂಲಕ್ಕೆ ಸಮಯ ನಿಗದಿಯಾಗುತ್ತದೆ. ನಾಲ್ಕು ಮನೆಯ ಪಾತ್ರೆ ತೊಳೆದು ನಡುಹಗಲಲ್ಲಿ ಅರ್ಧ ಗಂಟೆ ನೆರಳಲ್ಲಿ ಕೂರಬೇಕೆನ್ನುವ ಹೆಂಗಸಿನ ಲೆಕ್ಕ ಯಾರೂ ಹಾಕುವುದಿಲ್ಲ. ನನಗಂತೂ ಇದು ಉದ್ಯಾನಕ್ಕಿಂತ ಹೆಚ್ಚಾಗಿ ಉಗ್ರಾಣದ ರೀತಿ ಅನ್ನಿಸುತ್ತದೆ.

ಇಷ್ಟು ಸರಳ ಕೆಲಸದಿಂದ ಏನಾದೀತು ಎಂದು ಕೇಳಬಹುದು. ಸಂಶೋಧಕರಾದ ಚಾರ್ಲ್ಸ್ ಬ್ರಾನಸ್, ಯುಜೀನಿಯಾ ಸೌತ್ ಮತ್ತು ಸಂಗಡಿಗರು ಅದನ್ನೇ ಪರೀಕ್ಷಿಸಿದರು. 541 ಸೈಟುಗಳನ್ನು ಚೀಟಿ ಎತ್ತಿದಂತೆ ಮೂರು ಪಾಲು ಮಾಡಿದರು. ಒಂದು ಪಾಲಿಗೆ ಹುಲ್ಲು, ಮರ, ಬೇಲಿ, ನಿರ್ವಹಣೆ. ಇನ್ನೊಂದಕ್ಕೆ ಕಸ ಎತ್ತುವುದು ಮಾತ್ರ. ಮೂರನೆಯದನ್ನು ಇದ್ದಂತೆಯೇ ಬಿಟ್ಟರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಬಡತನ ರೇಖೆಗಿಂತ ಕೆಳಗಿನ ನೆರೆಹೊರೆಗಳಲ್ಲಿ, ಸುಧಾರಿಸಿದ ಸೈಟುಗಳ ಸುತ್ತ ಬಂದೂಕಿನ ಹಿಂಸೆ ಶೇ 29ರಷ್ಟು ಇಳಿದಿತ್ತು. ಹಸಿರು ಮಾಡಿದ ಸೈಟುಗಳ ಹತ್ತಿರದ ನಿವಾಸಿಗಳಲ್ಲಿ ಮನಸ್ಸು ಕುಗ್ಗಿದೆ ಎಂದು ಹೇಳಿಕೊಳ್ಳುವವರು ಶೇ 41.5ರಷ್ಟು ಕಡಿಮೆಯಾಗಿದ್ದರು. ಕಸ ಮಾತ್ರ ಎತ್ತಿದ ಕಡೆ ಮನಸ್ಸಿನ ವಿಷಯದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಖರ್ಚೆಷ್ಟು? ಒಂದು ಸೈಟಿಗೆ ಮೊದಲಿಗೆ ಸುಮಾರು 1,600 ಡಾಲರ್. ಆಮೇಲೆ ವರ್ಷಕ್ಕೆ ಸುಮಾರು 180. ಆ 180 ಡಾಲರನ್ನು ದಯವಿಟ್ಟು ನೆನಪಿಡಿ. ಹುಲ್ಲು ಚಿಗುರುವ ಕಾಲವೆಲ್ಲ ಮತ್ತೆ ಮತ್ತೆ ಬಂದು ಕತ್ತರಿಸಿ, ಬಿದ್ದ ಕಸ ಹೆಕ್ಕಿ ಹೋಗುವವರ ಕೂಲಿ ಅದು. ಆ ಕೆಲಸದಲ್ಲಿ ಅದೇ ಓಣಿಗಳ ಜನರೂ ಇದ್ದಾರೆ, ಜೈಲಿನಿಂದ ಹೊರಬಂದು ಬೇರೆಲ್ಲೂ ಕೆಲಸ ಸಿಗದವರೂ ಇದ್ದಾರೆ. ನಮ್ಮಲ್ಲಿ 1,600ಕ್ಕೆ ಟೆಂಡರ್ ಕರೆಯುತ್ತೇವೆ, ರಿಬ್ಬನ್ ಕತ್ತರಿಸುತ್ತೇವೆ. 180ರ ಸಾಲು ಬಜೆಟ್ಟಿನಲ್ಲಿ ಇರುವುದೇ ಇಲ್ಲ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಪಾರ್ಕು ಮತ್ತೆ ಪಾಳು. ಆಮೇಲೆ ಅದಕ್ಕೇ ‘ಪುನರುಜ್ಜೀವನ’ದ ಹೊಸ ಟೆಂಡರ್.

ಫಿಲಡೆಲ್ಫಿಯಾದವರ ಕೆಲಸದಲ್ಲೂ ಒಂದು ಕೊರತೆ ಇದೆ. ಬಹಳಷ್ಟು ಸೈಟುಗಳು ಸಂಸ್ಥೆಯವಲ್ಲ. ಎಷ್ಟೋ ಸೈಟುಗಳ ಮಾಲೀಕರು ತೆರಿಗೆ ಬಾಕಿ ಉಳಿಸಿಕೊಂಡು ನಾಪತ್ತೆ. ಆ ಭಾಗಕ್ಕೆ ಬೆಲೆ ಬಂದ ದಿನ ಬಿಲ್ಡರ್ ಬರುತ್ತಾನೆ, ಹುಲ್ಲಿನ ಮೇಲೆ ತಳಪಾಯ ಏಳುತ್ತದೆ. ಈ ಅಪಾಯ ನ್ಯೂಯಾರ್ಕಿನವರಿಗೆ ಮೊದಲೇ ಎದುರಾಗಿತ್ತು. 1973ರಲ್ಲಿ ಅಲ್ಲಿನ ಬವರಿ ಮತ್ತು ಹ್ಯೂಸ್ಟನ್ ಬೀದಿಗಳ ಮೂಲೆಯ ಕಸದ ಸೈಟೊಂದನ್ನು ಲಿಜ್ ಕ್ರಿಸ್ಟಿ ಎಂಬಾಕೆ ಮತ್ತು ಗೆಳೆಯರು ತೋಟ ಮಾಡಿದರು. ಮರುವರ್ಷ ನಗರಾಡಳಿತ ಅದನ್ನು ತಿಂಗಳಿಗೆ ಒಂದು ಡಾಲರಿನ ಬಾಡಿಗೆಗೆ ಕೊಟ್ಟಿತು. ಅಂಥ ತೋಟಗಳು ನೂರಾರಾದವು. ಆದರೆ ಒಂದು ಡಾಲರಿನ ಬಾಡಿಗೆ ಎಂದರೆ ‘ಬೇಕಾದಾಗ ಏಳಬೇಕು’ ಎಂದೇ ಅರ್ಥ. 1999ರಲ್ಲಿ ಮೇಯರ್ ಜೂಲಿಯಾನಿ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಟ್ಟರು. ಪ್ರತಿಭಟನೆಗಳಾದವು, ಮೊಕದ್ದಮೆಗಳೂ ಆದವು. ಕೊನೆಗೆ ಹರಾಜಿನ ಹೊಸ್ತಿಲಲ್ಲಿ ಎರಡು ಲಾಭರಹಿತ ಸಂಸ್ಥೆಗಳು ಸುಮಾರು 42 ಲಕ್ಷ ಡಾಲರ್ ಕೊಟ್ಟು ಅವನ್ನು ಕೊಂಡುಕೊಂಡವು. ಒಂದು, ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್. ಇನ್ನೊಂದು, ಗಾಯಕಿ ಬೆಟ್ ಮಿಡ್ಲರ್ 1995ರಲ್ಲಿ ಕಟ್ಟಿದ ನ್ಯೂಯಾರ್ಕ್ ರೆಸ್ಟೊರೇಶನ್ ಪ್ರಾಜೆಕ್ಟ್. ಹಾಡುಗಾರ್ತಿಯೊಬ್ಬರು ತೋಟದ ಕ್ರಯಪತ್ರಕ್ಕೆ ಓಡಾಡಬೇಕಾಗಿ ಬಂತೆನ್ನುವುದು ಮೇಯರ್ ಸಾಹೇಬರಿಗೆ ಶೋಭೆ ತರುವ ಮಾತಲ್ಲ.

ಜಾಗ ಯಾರದೆಂಬ ಈ ಕಾಗದಪತ್ರದ ಜಗಳ ನಮಗೂ ಹೊಸದಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲಾಗಿತ್ತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆ ಸಲ್ಲದು ಎಂದಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಪ್ರಕರಣವೆಂದು ಅದು ದೇಶದುದ್ದಕ್ಕೂ ಉದಾಹರಣೆಯಾಗಿದೆ. ಆದರೆ ಅದು ಅನುಕೂಲಸ್ಥರ ಬಡಾವಣೆ. ನಕ್ಷೆಯಲ್ಲಿ ಉದ್ಯಾನ ಇತ್ತು, ಕೇಳುವವರಿಗೆ ವಕೀಲರಿದ್ದರು. ನಕ್ಷೆಯೇ ಇಲ್ಲದೆ ಬೆಳೆದ ಕೊಳೆಗೇರಿಯವರು ಯಾವ ಕಾಗದ ಹಿಡಿದು ಕೋರ್ಟಿಗೆ ಹೋಗಬೇಕು? ನಿಮ್ಮ ಓದು ನಿಜವಾಗಿ ಬೇಕಾಗಿರುವುದು ಅಲ್ಲಿ.

ಹಾಗಾಗಿ ಒಂದು ಕೆಲಸ ಹಚ್ಚಿ ಹೋಗುತ್ತೇನೆ. ನೌಕರಿಯ ಆದೇಶ ಬರುವ ತನಕ ನಿಮಗೆ ಹೇಗೂ ಕೊಂಚ ಬಿಡುವಿದೆ. ನಿಮ್ಮ ಊರಿನ ಯೋಜನಾ ಪ್ರಾಧಿಕಾರಕ್ಕೋ ಪುರಸಭೆಗೋ ಹೋಗಿ ಬಡಾವಣೆಗಳ ನಕ್ಷೆ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಕ್ಷೆಯಲ್ಲಿ ಎಲ್ಲೆಲ್ಲಿ ಉದ್ಯಾನ ಎಂದಿದೆಯೋ ಅಲ್ಲಿಗೆ ನಡೆದುಹೋಗಿ ಈಗ ಏನಿದೆ ಬರೆದುಕೊಳ್ಳಿ. ಉದ್ಯಾನವೇ ಇಲ್ಲದ ಓಣಿಗಳನ್ನೂ ಗುರುತು ಹಾಕಿ, ಅಲ್ಲಿ ಯಾರ ಜಾಗ ಎಷ್ಟು ವರ್ಷದಿಂದ ಪಾಳು ಬಿದ್ದಿದೆ ಎಂದು ವಿಚಾರಿಸಿ. ಆ ಪಟ್ಟಿಯ ಒಂದು ಪ್ರತಿ ವಾರ್ಡಿನ ಸದಸ್ಯರಿಗೆ, ಒಂದು ಪ್ರತಿ ನಿಮ್ಮ ವಿಭಾಗದ ಮುಖ್ಯಸ್ಥರಿಗೆ ತಲುಪಲಿ. ಮುಂದಿನ ತಂಡದವರು ಅಲ್ಲಿಂದಲೇ ಶುರು ಮಾಡಿಕೊಳ್ಳಬಹುದು.